ಪುಸ್ತಕವೇ ಇಲ್ಲದ ಮನೆಮಾತನ್ನು ಮೂರು ವರ್ಷದ ಮಗುವಿಗೆ ಕಲಿಸುವುದು ಹೇಗೆ?

ನಿಮ್ಮ ಅತ್ತೆಗೆ ಮಾತ್ರ ಪೂರ್ತಿ ಬರುವ ಕೊರಚ ಮಾತನ್ನು ಮೂರು ವರ್ಷದ ಮಗನಿಗೆ ಹೇಗೆ ಕಲಿಸೋದು, ಕನ್ನಡ ಇಂಗ್ಲಿಷ್ ಜೊತೆ ಇದೂ ಸೇರಿದರೆ ಅವನಿಗೆ ಗೊಂದಲ ಆಗಲ್ವಾ ಅಂತ ಕೇಳಿದ್ದೀರಿ. ನಾನು ಪಾವಗಡ ಕಡೆಯ ತಾಂಡಾದವಳು, ಈಗ ತುಮಕೂರಲ್ಲಿದ್ದೇನೆ. ನಮ್ಮದು ಲಂಬಾಣಿ, ನಾವು ಗೋರ್ ಬೋಲಿ ಅನ್ನುತ್ತೇವೆ.

ಮೊದಲು ಗೊಂದಲದ ಭಯ ಬಿಡಿ. ನಮ್ಮೂರಲ್ಲಿ ಅಂಗಡಿಗೆ ತೆಲುಗು, ಶಾಲೆಗೆ ಕನ್ನಡ, ಮನೆಗೆ ಲಂಬಾಣಿ. ಮೂರನ್ನೂ ಆಡಿಕೊಂಡೇ ನಾವು ಬೆಳೆದೆವು. ಮಕ್ಕಳು ಸ್ವಲ್ಪ ದಿನ ಕಲಸಿ ಮಾತಾಡುತ್ತಾರೆ, ಆಮೇಲೆ ಯಾರ ಹತ್ತಿರ ಯಾವ ಮಾತು ಅಂತ ತಾವೇ ಸರಿಮಾಡಿಕೊಳ್ಳುತ್ತಾರೆ.

2011ರ ಜನಗಣತಿಯಲ್ಲಿ ಲಂಬಾಣಿ ಅಂತ ಬರೆಸಿದವರು 32 ಲಕ್ಷಕ್ಕೂ ಜಾಸ್ತಿ. (ಅದನ್ನು ಹಿಂದಿಯ ಕೆಳಗೆ ಸೇರಿಸಿದ್ದಾರೆ, ನನಗೆ ಅದು ಇವತ್ತಿಗೂ ನೋವು.) ಆದರೆ ಅಷ್ಟು ಜನ ಇದ್ದೂ ನನ್ನ ಮಗಳಿಗೆ ಮೂರು ವರ್ಷ ತುಂಬಿದಾಗ ಗೊತ್ತಿದ್ದದ್ದು 'ಯಾಡಿ' ಒಂದೇ, ಅಮ್ಮ ಅಂತ. ಮನೇಲಿ ಕನ್ನಡವೇ ಆಡಿ, ಇಲ್ಲದಿದ್ದರೆ ಹಿಂದೆ ಬೀಳುತ್ತಾಳೆ ಅಂತ ಯಾರೋ ಹೇಳಿದರು, ನಾವೂ ಸುಮ್ನೆ ಒಪ್ಪಿಕೊಂಡುಬಿಟ್ಟಿದ್ದೆವು.

ಆಮೇಲೆ ಎಚ್ಚೆತ್ತು ನೋಟ್‌ಬುಕ್ಕಲ್ಲಿ ಪದ ಬರೆದಿಟ್ಟುಕೊಂಡು ದಿನಾ ರಾತ್ರಿ ಕೇಳುತ್ತಿದ್ದೆ. ನೀರಿಗೆ ಏನಂತಾರೆ? 'ಪಾಣಿ' ಅನ್ನುತ್ತಿದ್ದಳು. ಬೆಳಿಗ್ಗೆ ಬಾಯಾರಿದರೆ ಮತ್ತೆ 'ನೀರು' ಅಂತಲೇ ಬರುತ್ತಿದ್ದಳು. ಅಲ್ಲಿಗೆ ಆ ಪಾಠ ನಿಲ್ಲಿಸಿದೆ.

ದಾರಿ ತೋರಿಸಿದ್ದು ನಮ್ಮಮ್ಮ. ಒಂದು ತಿಂಗಳು ಬಂದು ಇದ್ದರು. ರೊಟ್ಟಿ ತಟ್ಟುವಾಗ ಇವಳು ಪಕ್ಕದಲ್ಲೇ ಕೂರುತ್ತಿದ್ದಳು. ಅಮ್ಮ 'ಪಾಣಿ ಲಾ' ಅಂದರು. ಮಗು ಮಿಕಮಿಕ ನೋಡಿತು. ಅಮ್ಮ ಕನ್ನಡಕ್ಕೆ ಬರಲಿಲ್ಲ, ಹಿಟ್ಟಿನ ಕೈ ಹಾಗೇ ಇಟ್ಟುಕೊಂಡು ಚೊಂಬಿನ ಕಡೆ ಗದ್ದ ತಿರುಗಿಸಿ ಅದೇ ಮಾತನ್ನು ಇನ್ನೊಂದು ಸಲ ಅಂದರು. ಮೂರನೇ ದಿನ ಅಮ್ಮ ಹಿಟ್ಟಿಗೆ ಕೈ ಹಾಕುವ ಮೊದಲೇ ಇವಳು 'ಪಾಣಿ' ಅಂತ ಚೊಂಬು ತಂದಿಟ್ಟಳು.

ಹಾಗಾಗಿ ನಾನು ಹೇಳೋದು ಇಷ್ಟೇ. ದಿನದ ಒಂದು ಕೆಲಸ ಹಿಡಿಯಿರಿ, ಸ್ನಾನವೋ ಊಟವೋ, ಆ ಹೊತ್ತಲ್ಲಿ ಅತ್ತೆ ಕೊರಚ ಮಾತು ಬಿಟ್ಟು ಬೇರೆ ಆಡಬಾರದು. ಮಗ ಕನ್ನಡದಲ್ಲಿ ಉತ್ತರ ಕೊಟ್ಟರೆ ತಿದ್ದಬೇಡಿ, ಅದನ್ನೇ ಅವರು ತಮ್ಮ ಮಾತಲ್ಲಿ ಹೇಳಿ ಮುಂದಕ್ಕೆ ಹೋಗಲಿ. ನಿಮಗೂ ಬರದಿದ್ದರೆ ಪಕ್ಕದಲ್ಲಿ ಕೂತು ಕಲಿಯಿರಿ. ನ್ಯೂಜಿಲೆಂಡಿನ ಮಾವೋರಿಗಳು 1982ರಲ್ಲಿ 'ಕೊಹಾಂಗಾ ರಿಯೊ', ಅಂದರೆ ಭಾಷೆಯ ಗೂಡು, ಶುರು ಮಾಡಿದ್ದು ನಿಮ್ಮಂಥದೇ ಕಷ್ಟಕ್ಕೆ. ಅಪ್ಪ ಅಮ್ಮಂದಿರಲ್ಲಿ ತುಂಬಾ ಜನಕ್ಕೆ ಭಾಷೆ ಬರುತ್ತಿರಲಿಲ್ಲ. ಅದಕ್ಕೇ ಇನ್ನೂ ಶಾಲೆಗೆ ಹೋಗದ ಮಕ್ಕಳನ್ನು ಭಾಷೆ ಬಲ್ಲ ಹಿರಿಯರ ಜೊತೆ ಬಿಟ್ಟರು, ಅಲ್ಲಿ ಆಟ ಊಟ ಎಲ್ಲಾ ಮಾವೋರಿಯಲ್ಲೇ. ಹವಾಯಿಯವರೂ 1984ರಲ್ಲಿ ಇದೇ ದಾರಿ ಹಿಡಿದರು.

ಲಿಪಿ ಇಲ್ಲ ಅಂತ ಚಿಂತೆ ಬೇಡ, ಈ ವಯಸ್ಸಿಗೆ ಕಿವಿ ಸಾಕು. ಬರೆಯಲೇಬೇಕಾದರೆ ಕನ್ನಡ ಅಕ್ಷರ ಇದೆ. ನಮ್ಮ ಮಾತನ್ನು ಇಲ್ಲಿ ಕನ್ನಡದಲ್ಲಿ, ತೆಲಂಗಾಣದಲ್ಲಿ ತೆಲುಗಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ ಬರೆಯುತ್ತಾರೆ. ಫೋನಲ್ಲಿ ರೆಕಾರ್ಡ್ ಮಾಡುವುದಾದರೆ ಪದಪಟ್ಟಿ ಬೇಡ, ಅತ್ತೆ ಕಥೆ ಹೇಳೋದು, ಬೈಯೋದು, ತಂಗಿ ಜೊತೆ ಹರಟೋದು ಹಿಡಿದಿಡಿ.

ಕಷ್ಟ ಇರುವುದು ಬೇರೆ ಕಡೆ. ನಿಮ್ಮ ಅತ್ತೆ ಮೊದಲು 'ಬೇಡ ಬಿಡಮ್ಮ, ಈ ಮಾತು ಕಲಿತು ಅವನಿಗೇನಾಗಬೇಕು' ಅನ್ನಬಹುದು. ನಮ್ಮಮ್ಮನೂ ಅಂದಿದ್ದರು. ಸಂತೆಯಲ್ಲಿ, ಬಸ್ಸಲ್ಲಿ ಈ ಮಾತಾಡಿದ್ದಕ್ಕೆ ಜನ ತಿರುಗಿ ನೋಡಿ ನಕ್ಕಿದ್ದನ್ನು ಅವರು ಮರೆತಿಲ್ಲ. ಮೊಮ್ಮಗಳಿಗೆ ಅದು ಬೇಡ ಅಂತಲೇ ಬಾಯಿ ಕಟ್ಟಿಕೊಂಡಿದ್ದರು. ನಾನು ನಾಲ್ಕೈದು ಸಲ ಕೇಳಿದ ಮೇಲೆ ಒಪ್ಪಿದ್ದು. ನೀವೂ ಒಂದು ಸಲ ಕೇಳಿ ಬಿಟ್ಟುಬಿಡಬೇಡಿ, ಮಗನನ್ನು ತೊಡೆ ಮೇಲೆ ಕೂರಿಸಿ ಮತ್ತೆ ಕೇಳಿ.