ಸಾಲ ತಗೊಂಡೋರಿಗೆ ಟೈಮ್ ಅದ, ವಸೂಲಿ ಹುಡುಗಗ ಇಲ್ಲ

ಹೆಸರು, ಊರು, ಕಂಪನಿ ಎಲ್ಲಾ ಬಿಟ್ಟೀನಿ, ಒಂದೆರಡು ವಿವರ ಬದಲಿ ಮಾಡೀನಿ, ಅವನ ಒಪ್ಪಿಗಿ ತಗೊಂಡೇ ಬರೀಲಿಕತ್ತೀನಿ. ಇಂಡಿ ಕಡೆ ಹುಡುಗ, ವಯಸ್ಸು 30ರ ಒಳಗ, ಮೈಕ್ರೋ ಫೈನಾನ್ಸ್‌ನಾಗ ಫೀಲ್ಡ್ ಆಫೀಸರ್. ಹೆಸರಿಗೆ ಆಫೀಸರ್, ಕೆಲಸ ಅಂದ್ರ ಮುಂಜಾನೆ ಏಳಕ್ಕ ಬೈಕ್ ಹತ್ತಿ ಹಳ್ಳಿಹಳ್ಳಿ ತಿರುಗಿ ಸೆಂಟರ್ ಮೀಟಿಂಗ್, ಅಂದ್ರ ಸಾಲ ತಗೊಂಡ ಹೆಣ್ಮಕ್ಕಳ ಗುಂಪಿನ ಸಭೆ ಮಾಡಿ, ಅವರ ಕಂತು ಕೂಡಿಸ್ಕೊಂಡು ಬರೋದು.

ಮನಸಿನ ಸಲಹೆ ಕೊಡೋ ನನ್ನ ಹತ್ರ ಇವನ್ನ ಕರ್ಕೊಂಡು ಬಂದಾಕಿ ಅವರವ್ವ. "ಮೇಡಂ, ಇವಂಗ ಏನೋ ಗಾಳಿ ಸೋಕ್ಯದರಿ. ಫೋನ್ ರಿಂಗ್ ಆಗಿರಂಗಿಲ್ಲ, ಆತು ಅಂತ ರಾತ್ರಿ ಎದ್ದು ಕುಂಡರ್ತಾನ" ಅಂದ್ಲು. ರಟ್ಟಿಗೆ ತಾಯತ ಕಟ್ಟಿದ್ರು. ಅದನ್ನ ಬಿಚ್ಚು ಅಂತ ನಾ ಏನ್ ಹೇಳ್ಲಿಲ್ಲ, ಇರಲಿ ಬಿಡ್ರಿ.

ಅವ್ವನ್ನ ಹೊರಗ ಕುಂಡರಿಸಿ ಮಾತಾಡಿಸಿದೆ. ಕಂಪನಿ ಆ್ಯಪ್ ಅದ, ಅದರಾಗ ಲೊಕೇಶನ್ ಸದಾ ಆನ್ ಇರಬೇಕು, ಪ್ರತಿ ಸೆಂಟರ್‌ಗೆ ಹೋಗಿ ಫೋಟೋ ಹಾಕಬೇಕು, ಸೆಂಟರ್ ಬಿಟ್ಟು ಬ್ಯಾರೆ ಎಲ್ಲಾದ್ರೂ ಹತ್ತು ನಿಮಿಷ ಒಂದೇ ಕಡೆ ನಿಂತ್ರ ಅವನ ಹೆಸರಿನ ಮುಂದ ಕೆಂಪ ಬರ್ತದ, ಆ ಕೆಂಪಿನ ಸ್ಕ್ರೀನ್‌ಶಾಟ್ ಸಂಜಿಗೆ ಎಲ್ಲಾರೂ ಇರೋ ವಾಟ್ಸಾಪ್ ಗ್ರೂಪಿಗೆ ಬೀಳ್ತದ. "ಒಂದಕ್ಕ ಹೋಗಾಕೂ ಹೆದರಿಕಿರಿ ಮೇಡಂ" ಅಂದ. ಅದಕ್ಕ ನೀರು ಕುಡಿಯೋದನ್ನ ಬಿಟ್ಟಾನ! ನಮ್ಮ ವಿಜಯಪುರದ ಮೇ ತಿಂಗಳ ಬಿಸಿಲಾಗ, 40 ಡಿಗ್ರಿ ದಾಟಿದ್ದಾಗ, ಬೈಕ್ ಮ್ಯಾಲ ಇಡೀ ದಿನ, ಒಂದು ತಂಬಿಗಿ ನೀರಿನ ಮ್ಯಾಲ. ಉರಿಮೂತ್ರ ಶುರುವಾಗಿ ತಿಂಗಳಾಗಿತ್ತು, ನಾಚಿಕಿಗೆ ಯಾರಿಗೂ ಹೇಳಿರ್ಲಿಲ್ಲ. ಹೋದ ವಾರ ಮ್ಯಾನೇಜರ್ ಮೆಸೇಜ್ ಬಂತಂತ ಗಾಡಿ ಹೊಡಕೋತ ಫೋನ್ ನೋಡಿ, ಕಬ್ಬಿನ ಟ್ರ್ಯಾಕ್ಟರ್ ಹಿಂದ ಬ್ರೇಕ್ ಹೊಡದು ಬಿದ್ದಾನ, ಮೊಣಕಾಲು ಕೆತ್ತಿತ್ತು. ಬಿದ್ದ ಜಾಗದಾಗೂ ಕೆಂಪ ಬಂದಿತ್ತಂತ.

ಸಾಯೋ ವಿಚಾರ ಬರ್ತದೇನಪಾ ಅಂತ ನೇರವಾಗೇ ಕೇಳಿದೆ, ಕೇಳಲೇಬೇಕು. "ಇಲ್ಲರಿ, ಫೋನ್ ಒಯ್ದು ಡೋಣಿ ಹೊಳಿಗೆ ಒಗದು ಬರಬೇಕಂತ ಅನಸ್ತದರಿ" ಅಂದ. ಅವತ್ತು ಮೊದಲನೇ ಸಲ ಇಬ್ಬರೂ ನಕ್ಕಿದ್ದು. ಆದ್ರೂ ಟೆಲಿ ಮಾನಸ್, ಅಂದ್ರ ಮನಸಿನ ಕಷ್ಟಕ್ಕ ಸರ್ಕಾರದ ಸಹಾಯವಾಣಿ, ಅದರ ನಂಬರ್ 14416 ಬರಕೊಟ್ಟೆ, ರಾತ್ರಿನೂ ಎತ್ತತಾರ, ದುಡ್ಡಿಲ್ಲ, ಕನ್ನಡದಾಗ ಮಾತಾಡಬಹುದು.

ಈಗ ನನ್ನ ತಪ್ಪು ಹೇಳ್ತೀನಿ. ಮೊದಲನೇ ದಿನ ನಾ ಪುಸ್ತಕದಾಗಿನ ಸಲಹೆ ಕೊಟ್ಟೆ, ರಾತ್ರಿ ಎಂಟಕ್ಕ ಫೋನ್ ಸ್ವಿಚ್ ಆಫ್ ಮಾಡು ಅಂತ. ಮಾಡಿದ. ಒಂಬತ್ತೂವರಿಗೆ ಮರುದಿನದ ರೂಟ್ ಬದಲಾಗಿತ್ತು, ಇವ ಹಳೇ ಹಳ್ಳಿಗೆ ಹೋದ, ಅರ್ಧ ದಿನದ ಪಗಾರ ಕಟ್. ಫೋನ್ ಅವಂದು ಖರೇ, ಆದ್ರ ಅದರ ಬಟನ್ ಅವನ ಕೈಯಾಗಿಲ್ಲ ಅನ್ನೋದು ನಂಗ ಅವತ್ತು ತಿಳೀತು.

ಇನ್ನೊಂದು ಮಾತು ತಲಿಯಾಗ ಕೊರೀತಿತ್ತು. ಮೈಕ್ರೋ ಫೈನಾನ್ಸ್ ಸಾಲದ ಬಗ್ಗೆ ಆರ್‌ಬಿಐ 2022ರಾಗ ನಿಯಮ ಮಾಡಿ, ಸಾಲ ತಗೊಂಡೋರಿಗೆ ಮುಂಜಾನೆ ಒಂಬತ್ತರ ಮೊದಲ, ಸಂಜಿ ಆರರ ನಂತರ ವಸೂಲಿಗೆ ಫೋನ್ ಮಾಡಬಾರದು ಅಂತ ಹೇಳ್ಯದ. ಒಳ್ಳೇದೇ, ಬೇಕಿತ್ತು. ಆದ್ರ ಅದೇ ಸಾಲ ವಸೂಲಿ ಮಾಡೋ ಹುಡುಗನ ಫೋನಿಗೆ ಅಂಥಾ ಗಡಿಯಾರ ಯಾರೂ ಕಟ್ಟಿಲ್ಲ. ಲೆಕ್ಕ ಹಾಕಿದ್ರ ವಾರಕ್ಕ 75 ತಾಸಿನ ಮ್ಯಾಲ ದುಡೀತಾನ. ವಾರಕ್ಕ 55 ತಾಸು ಇಲ್ಲಾ ಅದಕ್ಕೂ ಜಾಸ್ತಿ ದುಡಿಯೋರಿಗೆ 35-40 ತಾಸು ದುಡಿಯೋರಿಗಿಂತ ಲಕ್ವಾ ಹೊಡಿಯೋ ಅಪಾಯ ಸುಮಾರು 35 ಪರ್ಸೆಂಟ್ ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯೂಎಚ್‌ಓ), ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ (ಐಎಲ್‌ಓ) 2021ರಾಗ ಅಂದಾಜು ಕೊಟ್ಟಾವ. ಇದನ್ನ ಅವಂಗ ಹೇಳಲಿಲ್ಲ, ಮೊದಲೇ ಹೆದರ್ಯಾನ, ಮತ್ತೊಂದು ಕೆಂಪ ಯಾಕ.

ಎರಡನೇ ಸಲ ಬಂದಾಗ ಅವನ ದಿನ ಹೆಂಗ ಇರ್ತದ ಅಂತ ತಾಸು ತಾಸಿಂದು ಕೇಳಿ, ಅದಕ್ಕ ಒಗ್ಗೋದಷ್ಟೇ ಹೇಳಿದೆ. ಮೊದಲ ಡಾಕ್ಟರ್ ಹತ್ರ ಹೋಗಿ ಮೂತ್ರ ಟೆಸ್ಟ್ ಮಾಡಿಸು, ಮನಸಿನ ಮಾತು ಆಮ್ಯಾಲ (ಸೋಂಕಿತ್ತು, ಗುಳಿಗಿ ಕೊಟ್ರು). ಹೋದ ಪ್ರತಿ ಸೆಂಟರ್‌ದಾಗ ಅಕ್ಕಾರ ಹತ್ರ ನೀರು ಕೇಳಿ ಕುಡಿ, ಅಲ್ಲೇ ಒಂದಕ್ಕ ಹೋಗಿ ಬಾ, ಅಲ್ಲಿ ನಿಂತ್ರ ಕೆಂಪ ಬರಂಗಿಲ್ಲಲ್ಲ. ಗಾಡಿ ಮ್ಯಾಲ ಫೋನ್ ಚೀಲದಾಗ, ಕಿಸೆದಾಗಲ್ಲ. ಗ್ರೂಪ್ ಮ್ಯೂಟ್ ಮಾಡು, ಮ್ಯಾನೇಜರ್ ಒಬ್ಬರ ಫೋನಿಗೆ ಬ್ಯಾರೆ ರಿಂಗ್‌ಟೋನ್ ಹಾಕು, ರಾತ್ರಿ ಹತ್ತಕ್ಕ ಒಮ್ಮೆ ರೂಟ್ ನೋಡಿ ಫೋನ್ ಅವ್ವನ ಕೈಯಾಗ ಕೊಡು. ಮತ್ತ ಒಂದು ನೋಟ್‌ಬುಕ್ ಇಡು, ಯಾವ ಕೆಂಪ ಯಾಕ ಬಂತು ಬರಿ. ಪಂಕ್ಚರ್, ಊಟ, ರೈಲ್ವೆ ಗೇಟ್, ಬಿದ್ದದ್ದು, ಎಲ್ಲಾ. ಉಸಿರಾಟದ ವ್ಯಾಯಾಮನೂ ಹೇಳಿಕೊಟ್ಟಿದ್ದೆ, ಅದನ್ನ ಒಂದಿನಾನೂ ಮಾಡಿಲ್ಲ.

ಆ ನೋಟ್‌ಬುಕ್ ಕೆಲಸಕ್ಕ ಬಂತು. ಬ್ರಾಂಚಿನ ನಾಕು ಹುಡುಗರು ಕೂಡಿ ಮ್ಯಾನೇಜರ್‌ಗೆ ಬರದುಕೊಟ್ರು, ಒಬ್ಬನ ಹೋದ್ರ ಒಬ್ಬನ ಮ್ಯಾಲ ಬರ್ತದ ಅಂತ ನಾನೇ ಹೇಳಿದ್ದೆ. ಮ್ಯಾನೇಜರ್ ಕೆಟ್ಟ ಮನುಷ್ಯ ಅಲ್ಲ, ಅವರ ಹೆಸರಿನ ಮುಂದನೂ ಮ್ಯಾಲಿನೋರಿಗೆ ಕೆಂಪ ಕಾಣ್ತದಂತ. ಊಟಕ್ಕ ಅರ್ಧ ತಾಸು ಬಿಟ್ರು, ಸ್ಕ್ರೀನ್‌ಶಾಟ್ ಗ್ರೂಪಿಗೆ ಹಾಕೋದು ನಿಲ್ಲಿಸಿದ್ರು. ರಾತ್ರಿ ರೂಟ್ ಬದಲಾಯಿಸೋದು ಇನ್ನೂ ನಿಂತಿಲ್ಲ.

ಮೂರನೇ ಸಲ ಒಬ್ಬನೇ ಬಂದ, ಕೈಯಾಗ ಎರಡು ಲೀಟರ್ ಬಾಟಲಿ. ನಾಕೈದು ತಾಸಿನ ನಿದ್ದಿ ಈಗ ಆರು ತಾಸಿಗೆ ಬಂದದಂತ. ಮಾತಾಡೋವಾಗ ಮೇಜಿನ ಮ್ಯಾಲಿನ ಫೋನ್ ಗುಂಯ್ ಅಂತು, ಅವ ತೆಗದು ನೋಡ್ಲಿಲ್ಲ, ಮಾತು ಮುಂದುವರಿಸಿದ, ಆದ್ರ ಮೇಜಿನ ಕೆಳಗ ಕಾಲು ಕುಣೀಲಿಕತ್ತಿತ್ತು. ಹದಿನೈದು ದಿನ ಬಿಟ್ಟು ಮತ್ತ ಬಾ ಅಂದೀನಿ.