ಐಎನ್‌ಆರ್ ಏರಿದೆ ಎಂದರೆ ಹೆಪ್ಪುಗಟ್ಟದು ಎಂದಲ್ಲ

ಸಾಗರ ತಾಲ್ಲೂಕಿನ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಅವರ ತಂದೆಗೆ ಲಿವರ್ ಸಿರೋಸಿಸ್, ಅಂದರೆ ಲಿವರ್ ಗಾಯಗಟ್ಟಿ ಗಡುಸಾಗಿ ಸೋಲುವ ಕಾಯಿಲೆ. ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆಯಾದ ಐಎನ್‌ಆರ್ 1.9ಕ್ಕೆ ಏರಿದೆ, ಪ್ಲೇಟ್‌ಲೆಟ್ 62 ಸಾವಿರ. ಸ್ಕ್ಯಾನ್ ಮಾಡಿಸಿದಾಗ, ಕರುಳಿನಿಂದ ಲಿವರಿಗೆ ರಕ್ತ ಒಯ್ಯುವ ಪೋರ್ಟಲ್ ನಾಳದಲ್ಲಿ ಹೆಪ್ಪು ಕಂಡಿದೆ. ವೈದ್ಯರು ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಜಾತಿಯ ಇಂಜೆಕ್ಷನ್ ಬರೆದುಕೊಟ್ಟಿದ್ದಾರೆ. "ರಕ್ತ ನೀರಾಗಿದೆ ಎಂದು ರಿಪೋರ್ಟೇ ಹೇಳುವಾಗ ಇನ್ನಷ್ಟು ತೆಳು ಮಾಡುವ ಔಷಧ ಯಾಕೆ? ಹೆಪ್ಪುಗಟ್ಟುವುದನ್ನು ಮೊದಲೇ ತಿಳಿಸುವ ರಕ್ತಪರೀಕ್ಷೆ ಇಲ್ಲವೇ?" ಎಂದು ಕೇಳಿದ್ದಾರೆ. ಔಷಧದ ಚೀಟಿ ಇನ್ನೂ ಅವರ ಜೇಬಿನಲ್ಲೇ ಇದೆಯಂತೆ.

ನಿಮ್ಮ ಪ್ರಶ್ನೆ ಚೆನ್ನಾಗಿದೆ ಸ್ವಾಮಿ. ಆದರೆ ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಪತ್ರಿಕೆಗೆ ಬರೆಯಬಾರದಿತ್ತು, ಅದನ್ನು ಬರೆದುಕೊಟ್ಟ ವೈದ್ಯರನ್ನೇ ಮೊದಲು ಕೇಳಬೇಕಿತ್ತು. ಈ ಸಂಚಿಕೆ ಕೈಗೆ ಬಂದ ದಿನವೇ ಹೋಗಿ ಕೇಳಿ.

ಐಎನ್‌ಆರ್‌ನ ಬೇರು 1935ರಲ್ಲಿ ಅಮೆರಿಕದ ಆರ್ಮಂಡ್ ಕ್ವಿಕ್ ರೂಪಿಸಿದ ಪರೀಕ್ಷೆಯಲ್ಲಿದೆ. ರಕ್ತಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ದ್ರವಕ್ಕೆ, ಅಂದರೆ ಪ್ಲಾಸ್ಮಾಕ್ಕೆ, ಹೆಪ್ಪುಗಟ್ಟಿಸುವ ರಾಸಾಯನಿಕ ಹಾಕಿ, ಎಷ್ಟು ಸೆಕೆಂಡಿನಲ್ಲಿ ಗಟ್ಟಿಯಾಗುತ್ತದೆ ಎಂದು ನೋಡುವುದು. ಒಂದೊಂದು ಲ್ಯಾಬು ಒಂದೊಂದು ಉತ್ತರ ಕೊಡುತ್ತಿದ್ದುದರಿಂದ 1983ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಐಎನ್‌ಆರ್ ಎಂಬ ಅಳತೆ ತಂದಿತು. ತಂದದ್ದು ರಕ್ತ ತೆಳು ಮಾಡುವ ವಾರ್ಫರಿನ್‌ನಂಥ ಮಾತ್ರೆ ನುಂಗುವವರಿಗಾಗಿ. ಸಿರೋಸಿಸ್ ರೋಗಿಯ ರಕ್ತ ಅದರ ಲೆಕ್ಕದಲ್ಲೇ ಇರಲಿಲ್ಲ.

ಹೆಪ್ಪುಗಟ್ಟಿಸುವ ಬಹುತೇಕ ಅಂಶಗಳು ಲಿವರಿನಲ್ಲೇ ತಯಾರಾಗುತ್ತವೆ. ಹೆಪ್ಪನ್ನು ತಡೆಯುವ ಪ್ರೋಟೀನ್ ಸಿ, ಪ್ರೋಟೀನ್ ಎಸ್, ಆಂಟಿಥ್ರಾಂಬಿನ್ ಕೂಡ ಹೆಚ್ಚಾಗಿ ಅಲ್ಲಿಯವೇ. ಲಿವರ್ ಸೋತಾಗ ಎರಡೂ ಕಡೆ ಇಳಿಯುತ್ತವೆ. ಬಂಡಿಯ ಎರಡು ಎತ್ತೂ ಬಡಕಲಾದರೆ ನೊಗ ಸಮವಾಗಿಯೇ ಇರುತ್ತದೆ, ಆದರೆ ಸಣ್ಣ ಗುಂಡಿ ಸಿಕ್ಕರೂ ಯಾವ ಕಡೆಗಾದರೂ ವಾಲೀತು. ಐಎನ್‌ಆರ್ ಹೆಪ್ಪುಗಟ್ಟಿಸುವ ಎತ್ತೊಂದನ್ನು ಮಾತ್ರ ನೋಡುತ್ತದೆ. ರಕ್ತನಾಳಗಳ ಒಳಪದರದಿಂದ ಬರುವ, ಹೆಪ್ಪುಗಟ್ಟಲು ನೆರವಾಗುವ ಫ್ಯಾಕ್ಟರ್ 8 ಮತ್ತು ವಾನ್ ವಿಲ್ಲೆಬ್ರಾಂಡ್ ಅಂಶಗಳು ಈ ರೋಗಿಗಳಲ್ಲಿ ಇಳಿಯುವುದಿರಲಿ, ಏರಿರುತ್ತವೆ. ಅದರ ಸುಳಿವೂ ಈ ಪರೀಕ್ಷೆಗೆ ಇಲ್ಲ.

ನಾನು ಮತ್ತೆ ಮತ್ತೆ ತೆಗೆದು ಓದುವ ಒಂದು ಅಧ್ಯಯನ 2005ರದ್ದು, ಮಿಲಾನಿನ ತ್ರಿಪೋದಿ ಮತ್ತು ಸಂಗಡಿಗರದು. ಪ್ರೋಟೀನ್ ಸಿಯನ್ನು ಎಚ್ಚರಗೊಳಿಸುವ ಥ್ರಾಂಬೊಮಾಡ್ಯುಲಿನ್ ನಮ್ಮ ರಕ್ತನಾಳದಲ್ಲಿ ಉಂಟು, ಲ್ಯಾಬಿನ ಗಾಜಿನ ನಳಿಕೆಯಲ್ಲಿ ಇಲ್ಲ. ಅದನ್ನು ಬೆರೆಸಿ ನೋಡಿದಾಗ ಸಿರೋಸಿಸ್ ರೋಗಿಗಳ ರಕ್ತ ಆರೋಗ್ಯವಂತರ ರಕ್ತದಷ್ಟೇ, ಹೆಪ್ಪುಗಟ್ಟಿಸುವ ಥ್ರಾಂಬಿನ್ ಉತ್ಪಾದಿಸಿತು. ಐಎನ್‌ಆರ್ ಮಾತ್ರ ಕೆಟ್ಟೇ ಇತ್ತು! ಇದಕ್ಕೂ ಮೊದಲು, 1981ರಲ್ಲಿ ಜರ್ಮನಿಯ ವೈದ್ಯ ಎವೆ 200 ರೋಗಿಗಳ ಲಿವರಿನಿಂದ ಚೂರು ತೆಗೆದು, ಗಾಯದ ರಕ್ತ ನಿಲ್ಲಲು ಹಿಡಿದ ಸಮಯವನ್ನು ಕಣ್ಣಾರೆ ಕಂಡು ಅಳೆದಿದ್ದರು. ಲ್ಯಾಬಿನ ಅಂಕಿಗೂ ಆ ಸಮಯಕ್ಕೂ ತಾಳೆಯಾಗಲಿಲ್ಲ.

ಐಎನ್‌ಆರ್ ನಿರುಪಯೋಗಿ ಎನ್ನಲಾರೆ. ಲಿವರ್ ಎಷ್ಟು ಸೋತಿದೆ ಎನ್ನಲು ಅದು ಬೇಕು, ಕಸಿಗೆ ಸರದಿ ನಿರ್ಧರಿಸುವ ಮೆಲ್ಡ್ ಅಂಕದಲ್ಲೂ ಅದು ಇದೆ. ರಕ್ತಸ್ರಾವದ ಭಯವೂ ಸುಳ್ಳಲ್ಲ. ಅನ್ನನಾಳದಲ್ಲಿ ಉಬ್ಬಿದ ನಾಳ ಒಡೆದರೆ ಪ್ರಾಣಕ್ಕೇ ಸಂಚಕಾರ. ಆದರೆ ಅದು ಒಡೆಯುವುದು ಪೋರ್ಟಲ್ ನಾಳದ ಒತ್ತಡ ಏರಿದ್ದರಿಂದ, ಐಎನ್‌ಆರ್ ಏರಿದ್ದರಿಂದಲ್ಲ.

ಮೊದಲೇ ತಿಳಿಸುವ ಪರೀಕ್ಷೆಯ ವಿಚಾರ. ಡಿ-ಡೈಮರ್ ಎಂಬುದಿದೆ, ಹೆಪ್ಪು ಕರಗುವಾಗ ಬರುವ ತುಣುಕು ಅದು. ಹೊಟ್ಟೆಯಲ್ಲಿ ನೀರು ತುಂಬಿದ ಸಿರೋಸಿಸ್ ರೋಗಿಯಲ್ಲಿ ಹೆಪ್ಪಿಲ್ಲದೆಯೂ ಅದು ಏರುತ್ತದೆ. ಹಾಗಾಗಿ ಏರಿದ ಅಂಕಿಯೊಂದನ್ನೇ ಹಿಡಿದು ಹೆಪ್ಪಿದೆ ಎನ್ನಲಾಗದು. ಪ್ರೋಟೀನ್ ಸಿ, ಫ್ಯಾಕ್ಟರ್ 8ರ ಅನುಪಾತ ಸಂಶೋಧಕರಿಗೆ ಪ್ರಿಯ, ಆದರೆ ದಿನನಿತ್ಯದ ಚಿಕಿತ್ಸೆಯನ್ನು ಅದರ ಮೇಲೆ ನಿರ್ಧರಿಸುವ ಹಂತ ಬಂದಿಲ್ಲ. ನಿಮ್ಮ ತಂದೆಯ ಹೆಪ್ಪನ್ನು ಹಿಡಿದದ್ದು ಸ್ಕ್ಯಾನು. ನಿಮ್ಮ ವೈದ್ಯರು ಅದನ್ನು ನಂಬಿದ್ದು ನನಗೆ ಸರಿಯಾಗಿಯೇ ಕಾಣುತ್ತದೆ.

ಹೆಪಾರಿನ್ ಎಂದರೆ ಹೆದರುವವರಿಗೆ 2012ರ ಇಟಲಿಯ ಪ್ರಯೋಗವನ್ನು ಹೇಳಬೇಕು. ಹೆಪ್ಪಿಲ್ಲದ 70 ಸಿರೋಸಿಸ್ ರೋಗಿಗಳಲ್ಲಿ 34 ಮಂದಿಗೆ ದಿನವೂ ಹೆಪಾರಿನ್ ಜಾತಿಯದೇ ಆದ ಎನಾಕ್ಸಪ್ಯಾರಿನ್ ಕೊಟ್ಟರು. 48 ವಾರದ ಹೊತ್ತಿಗೆ ಅವರಲ್ಲಿ ಒಬ್ಬರಿಗೂ ಪೋರ್ಟಲ್ ನಾಳದಲ್ಲಿ ಹೆಪ್ಪಾಗಲಿಲ್ಲ, ಔಷಧ ಪಡೆಯದ 36 ಮಂದಿಯಲ್ಲಿ 6 ಜನರಿಗೆ ಆಯಿತು. ರಕ್ತಸ್ರಾವ ಹೆಚ್ಚಲಿಲ್ಲ. ಸಣ್ಣ ಪ್ರಯೋಗ, ನಿಜ. ನಿಮ್ಮ ತಂದೆಯ ಸ್ಥಿತಿಯೂ ಬೇರೆ, ಅವರಿಗೆ ಹೆಪ್ಪು ಆಗಲೇ ಕಟ್ಟಿದೆ. ಆದ್ದರಿಂದ ಎಂಡೋಸ್ಕೋಪಿ ಆಗಿದೆಯೇ, ಉಬ್ಬಿದ ನಾಳ ಒಡೆಯದಂತೆ ಬಿಗಿಯುವ ಬ್ಯಾಂಡ್ ಬೇಕೇ, ಕಿಡ್ನಿ ಹೇಗಿದೆ, ಇಂಜೆಕ್ಷನ್ ಎಷ್ಟು ದಿನ, ಮತ್ತೆ ಸ್ಕ್ಯಾನ್ ಯಾವಾಗ ಎಂದು ಕೇಳಿ. ಕಪ್ಪು ಮಲ, ರಕ್ತವಾಂತಿ ಕಂಡರೆ ಕ್ಷಣವೂ ತಡೆಯದೆ ಆಸ್ಪತ್ರೆಗೆ ಹೊರಡಿ.

ನನ್ನ ಸಂಕಟ ಬೇರೆ ಇದೆ. ಶಿಬಿರಗಳಲ್ಲಿ ನಮ್ಮ ಹುಡುಗರು ಕೈ ಚಾಚಿ ರಕ್ತ ಕೊಡುತ್ತಾರೆ. ಅದರ ಪ್ಲಾಸ್ಮಾವನ್ನು, ಐಎನ್‌ಆರ್ ಇಳಿಸಬೇಕೆಂಬ ಒಂದೇ ಕಾರಣಕ್ಕೆ, ಸಿರೋಸಿಸ್ ರೋಗಿಗೆ ಏರಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಒಡೆದ ನಾಳದಿಂದ ರಕ್ತ ಹರಿಯುವಾಗಲೂ ಅದು ಬೇಡ, ದ್ರವ ಹೆಚ್ಚಿ ಪೋರ್ಟಲ್ ಒತ್ತಡ ಏರಬಹುದು ಎಂದು ಪೋರ್ಟಲ್ ಒತ್ತಡದ ಬಗ್ಗೆ ಸೇರುವ ಬವೇನೊ ತಜ್ಞರ 2021ರ ಸಭೆ ಸ್ಪಷ್ಟವಾಗಿ ಹೇಳಿದೆ. ಇನ್ನು ಲ್ಯಾಬುಗಳು ಅಂಕಿಯನ್ನು ದಪ್ಪಕ್ಷರದಲ್ಲಿ, ನಕ್ಷತ್ರ ಹಾಕಿ, ಇಂಗ್ಲಿಷಿನಲ್ಲಿ ಅಚ್ಚು ಹಾಕಿ ಕೈಗಿಟ್ಟು ಕಳಿಸುತ್ತವೆ. ರಾತ್ರಿಯೆಲ್ಲ ಅದನ್ನು ನೋಡಿ ಕಂಗೆಡುವವರು ಮನೆಯವರು. ದುಡ್ಡು ತೆತ್ತವರಿಗೆ ಕನ್ನಡದಲ್ಲಿ ಒಂದು ಸಾಲು, "ಲಿವರ್ ಕಾಯಿಲೆಯವರಲ್ಲಿ ಈ ಅಂಕಿ ರಕ್ತಸ್ರಾವದ ಅಳತೆಯಲ್ಲ, ವೈದ್ಯರನ್ನು ಕೇಳಿ" ಎಂದು, ರಿಪೋರ್ಟಿನ ಕೆಳಗೆ ಹಾಕಲು ಯಾವ ಲ್ಯಾಬಿಗೂ ಕಷ್ಟವಿಲ್ಲ. ಮುಂದಿನ ಸಲ ರಿಪೋರ್ಟು ತರಲು ಹೋದಾಗ ಇದನ್ನು ಬಾಯಿಬಿಟ್ಟು ಕೇಳಿ.

— ಸಂಪಾದಕ