ತಿರುಗಿ ಹೊಡೆಯಲಾಗದವರ ಮೇಲೆ ಕೈ ಮಾಡಿದರೆ?

ಪ್ರಶ್ನೆ: ನನ್ನ ತಮ್ಮನಿಗೆ 29 ವರ್ಷ. ಬುದ್ಧಿಮಾಂದ್ಯತೆ ಇದೆ, ಮಾತು ಸ್ಪಷ್ಟವಿಲ್ಲ. ನಾವು ಕೆಲಸಕ್ಕೆ ಹೋದಾಗ ನೋಡಿಕೊಳ್ಳಲು ಒಬ್ಬನನ್ನು ಇಟ್ಟಿದ್ದೆವು. ಮೊನ್ನೆ ಸ್ನಾನ ಮಾಡಿಸುವಾಗ ತಮ್ಮನ ಬೆನ್ನ ಮೇಲೆ ಬೆಲ್ಟಿನ ಬಾಸುಂಡೆ ಕಂಡಿತು. ಚಡ್ಡಿ ಒದ್ದೆ ಮಾಡಿಕೊಂಡ ದಿನ ಅವನಿಗೆ ಮಧ್ಯಾಹ್ನದ ಊಟವನ್ನೂ ಕೊಡುತ್ತಿರಲಿಲ್ಲವಂತೆ, ಪಕ್ಕದ ಮನೆಯವರು ಹೇಳಿದರು. ಠಾಣೆಯಲ್ಲಿ ‘ಸಣ್ಣ ಗಾಯ ಅಲ್ವಾ, ಎನ್‌ಸಿಆರ್ (ಕೇಸು ಹಾಕದೆ ದೂರನ್ನು ಬರೆದುಕೊಂಡ ಚೀಟಿ) ಕೊಡ್ತೀವಿ’ ಅಂದರು. ಅಷ್ಟೇನಾ?
– ಓದುಗರು, ದಾವಣಗೆರೆ

ಉತ್ತರ: ಖಂಡಿತ ಅಷ್ಟೇ ಅಲ್ಲ. ಠಾಣೆಯವರು ನೋಡಿದ್ದು ಭಾರತೀಯ ನ್ಯಾಯ ಸಂಹಿತೆಯ 115(2)ನೇ ಕಲಂ ಮಾತ್ರ. ಯಾರು ಯಾರಿಗೆ ಹೊಡೆದರೂ ಅದರಲ್ಲಿ ಒಂದೇ ಲೆಕ್ಕ: ಒಂದು ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಿಮ್ಮ ತಮ್ಮನಂಥವರಿಗಾಗಿಯೇ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ, ಅದರ 92ನೇ ಕಲಂ ನೋಡಿ. ಅವಮಾನ ಮಾಡುವ ಉದ್ದೇಶದಿಂದ ಹೊಡೆದರೆ, ತನ್ನ ಸುಪರ್ದಿಯಲ್ಲಿರುವ ವಿಕಲಚೇತನರಿಗೆ ಗೊತ್ತಿದ್ದೂ ಅನ್ನ ನೀರು ಕೊಡದಿದ್ದರೆ, ಅವರ ಗಾಲಿಕುರ್ಚಿಯಂಥ ಸಾಧನ ಹಾಳು ಮಾಡಿದರೆ ಕನಿಷ್ಠ 6 ತಿಂಗಳು, ಗರಿಷ್ಠ 5 ವರ್ಷ ಜೈಲು. ದಂಡ ಬೇರೆ. ಬರೀ ದುಡ್ಡು ಕಟ್ಟಿ ಕೈ ತೊಳೆದುಕೊಳ್ಳುವ ದಾರಿ ಇಲ್ಲ. ಇಷ್ಟು ಶಿಕ್ಷೆ ಇರುವ ಅಪರಾಧಕ್ಕೆ ಪೊಲೀಸರು ಎಫ್‌ಐಆರ್ ಹಾಕಬೇಕು. ಹೆಚ್ಚೆಂದರೆ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು, ಅಷ್ಟೇ.

ಒಂದು ಮಾತು ಗಮನದಲ್ಲಿರಲಿ. ‘ಅವಮಾನದ ಉದ್ದೇಶ’ ಇತ್ತೆಂದು ಸಾಬೀತು ಮಾಡುವುದು ಕಷ್ಟ, ಆರೋಪಿಯ ಪರ ವಕೀಲರು ಹಿಡಿಯುವುದೇ ಅದನ್ನು. ಊಟದ ವಿಷಯಕ್ಕೆ ಆ ಷರತ್ತಿಲ್ಲ. ಹಾಗಾಗಿ ದೂರಿನಲ್ಲಿ ಊಟ ಕೊಡದ ಸಂಗತಿಯನ್ನು ಮೊದಲು ಬರೆಯಿರಿ, ಯಾವ ದಿನ, ಯಾರು ನೋಡಿದರು ಎಂಬುದರ ಸಮೇತ. ಕಲಂ 92 ಎಂದು ನೀವೇ ನಮೂದಿಸಿ, ಅವರು ಹುಡುಕಲಿ ಎಂದು ಬಿಡಬೇಡಿ. ಬಾಸುಂಡೆ ಮಾಸುವ ಮೊದಲೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾದ ಗಾಯದ ವೈದ್ಯಕೀಯ ದಾಖಲೆ) ಮಾಡಿಸಿ.

ಸಾಕ್ಷಿ ಹೇಳಲು ತಮ್ಮನನ್ನು ಠಾಣೆಗೆ ಅಲೆದಾಡಿಸುವ ಹಾಗಿಲ್ಲ, ಪೊಲೀಸರೇ ಮನೆಗೆ ಬರಬೇಕು, ಪೊಲೀಸ್ ತನಿಖೆಯ ನಿಯಮಗಳಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಹಾಗೆ ಹೇಳುತ್ತದೆ. ಪಕ್ಕದ ಮನೆಯವರೂ ತಹಶೀಲ್ದಾರರಿಗೆ ದೂರು ಕೊಡಬಹುದು. ಇನ್ನು, 40% ಅಂಗವೈಕಲ್ಯದ ಕಾರ್ಡ್ ತನ್ನಿ ಅಂತ ಯಾರಾದರೂ ಸತಾಯಿಸಿದರೆ ಒಪ್ಪಬೇಡಿ. ಅದು ಮೀಸಲಾತಿಯಂಥ ಸೌಲಭ್ಯಕ್ಕೆ. 92ನೇ ಕಲಂನಲ್ಲಿ ಆ ಲೆಕ್ಕವೇ ಇಲ್ಲ.

ಪ್ರಶ್ನೆ: ಅಮ್ಮನಿಗೆ 81. ಅಣ್ಣನ ಮನೆಯಲ್ಲಿದ್ದಾರೆ, ಆಗಾಗ ಹೊಡೆಯುತ್ತಾನೆ. ಅವರಿಗೂ ಇಂಥ ಕಾನೂನು ಇದೆಯೇ?
– ಓದುಗರು, ಮೈಸೂರು

ಉತ್ತರ: ಬರೀ ವಯಸ್ಸಾಗಿದೆ ಎಂಬ ಕಾರಣಕ್ಕೆ ಇಲ್ಲ, ಇದು ನನಗೆ ಬಹಳ ಬೇಸರದ ವಿಷಯ. ಹಿರಿಯ ನಾಗರಿಕರ 2007ರ ಕಾಯ್ದೆಯಲ್ಲಿ ಹೆತ್ತವರನ್ನು ಬೀದಿಗೆ ಬಿಟ್ಟರೆ 3 ತಿಂಗಳವರೆಗೆ ಜೈಲು ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹೊಡೆತ ಬಡಿತವನ್ನೂ ಸೇರಿಸಿ ಶಿಕ್ಷೆಯನ್ನು 6 ತಿಂಗಳವರೆಗೆ ಏರಿಸಲು 2019ರಲ್ಲಿ ಲೋಕಸಭೆಯಲ್ಲಿ ಮಸೂದೆ ಮಂಡಿಸಿದ್ದರು. ಅದು ಪಾಸಾಗಲೇ ಇಲ್ಲ, 2024ರಲ್ಲಿ ಲೋಕಸಭೆಯ ಜೊತೆಗೇ ಬಿದ್ದುಹೋಯಿತು. ಅದನ್ನು ಮತ್ತೆ ತರಬೇಕು, ಆ 6 ತಿಂಗಳೂ ಸಾಲದು ಎನ್ನುವವಳು ನಾನು.

ಆದರೆ ಅಮ್ಮನಿಗೆ ಪಾರ್ಶ್ವವಾಯು ಹೊಡೆದು ಕೈಕಾಲು ಬಿದ್ದಿದ್ದರೆ, ಮರೆವಿನ ಕಾಯಿಲೆ ಇದ್ದರೆ, ಮೇಲೆ ಹೇಳಿದ 92ನೇ ಕಲಂ ಅವರಿಗೂ ಅನ್ವಯಿಸಬಹುದು, ಅದಕ್ಕೆ ವಯಸ್ಸಿನ ಮಿತಿಯಿಲ್ಲ. ಡಾಕ್ಟರ್ ಚೀಟಿಗಳನ್ನೆಲ್ಲ ಜೋಪಾನವಾಗಿಡಿ. ಇವತ್ತೇ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಸಿಗುತ್ತಾರೆ. ಈಗಲೇ ಹೊಡೆಯುತ್ತಿದ್ದರೆ ಕಾಯಬೇಡಿ, 112.